ಒಳಗೆ ಬಿಟ್ಟ ಬಟ್ಟೆ

ಕುಕನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಂಪಾವತಿಯ ಹೊಲಿಗೆ ಅಂಗಡಿ. ಅಂಗಡಿ ಎಂದರೆ ಮನೆಯ ಪಡಸಾಲೆ, ಅದರಲ್ಲೊಂದು ಕಾಲಲ್ಲಿ ತುಳಿಯುವ ಮಷಿನ್ನು, ಒಂದು ಕನ್ನಡಿ, ಬಂದವರು ಕೂರಲು ಒಂದು ಬೆಂಚು. ಊರಿನ ಅರ್ಧ ಹೆಂಗಸರ ಜಂಪರು ಅವಳ ಕೈಯಿಂದಲೇ ಹೊರಬಿದ್ದದ್ದು. ಯಾರು ಬಸುರಾದರು, ಯಾರು ಚಿಂತೆಯಲ್ಲಿ ಸೊರಗಿದರು, ಯಾರು ತವರಿಗೆ ಹೋಗಿ ಮೈ ತುಂಬಿಕೊಂಡು ಬಂದರು ಎಂಬುದು ಊರಿಗೆ ಗೊತ್ತಾಗುವ ಮೊದಲೇ ಅವಳ ಟೇಪಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ. ಹೆಂಗಸರು ಅವಳ ಮುಂದೆ ನಿಶ್ಚಿಂತೆಯಿಂದ ತೋಳೆತ್ತಿ ನಿಲ್ಲುತ್ತಿದ್ದರೆ ಅದಕ್ಕೆ ಆ ನಂಬಿಕೆಯೇ ಕಾರಣ.

ಅಳತೆ ತೆಗೆಯುವಾಗ ಅವಳು ಟೇಪಿನೊಳಗೆ ತನ್ನ ಎರಡು ಬೆರಳು ಇಡುತ್ತಿದ್ದಳು, ತೊಟ್ಟವರು ಉಸಿರಾಡಬೇಕಲ್ಲ. ಹೊಲಿಯುವಾಗ ಎರಡೂ ಪಕ್ಕಕ್ಕೆ ಒಳಗೆ ಬಟ್ಟೆ ಬಿಡುತ್ತಿದ್ದಳು, ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಲು. ಈ ಕಡೆಯ ಯಾವ ಹೆಂಗಸೂ ‘ಒಳಗ ಬಟ್ಟಿ ಬಿಡ್ರಿ’ ಎನ್ನದೆ ಟೇಲರ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಮುಂದೆ ದಪ್ಪವಾಗುತ್ತೇವೆಂದು ಎಲ್ಲರಿಗೂ ಗೊತ್ತು, ದಪ್ಪವಾದ ಮೇಲೆ ಒಪ್ಪಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಇಂಥ ಪಂಪಾವತಿಯ ಪಡಸಾಲೆಗೆ ಪುಡಿಯ ಡಬ್ಬಿಗಳು ಬಂದು ಕೂತದ್ದು ಅವಳ ಚಿಕ್ಕಮ್ಮನ ಮಗ ಕಾಶಿನಾಥನಿಂದ. ಅವನು ಕೊಪ್ಪಳದಲ್ಲಿ ತೂಕ ಇಳಿಸುವ ಪುಡಿ ಮಾರುತ್ತಾನೆ. ತನ್ನನ್ನು ಕೋಚ್ ಎಂದು ಕರೆದುಕೊಳ್ಳುತ್ತಾನೆ, ಇಸ್ತ್ರಿ ಅಂಗಿಯೊಳಗೆ ತನ್ನ ಹೊಟ್ಟೆಯನ್ನು ಬಿಗಿಹಿಡಿದು ಓಡಾಡುತ್ತಾನೆ. ಐವತ್ತರ ಹತ್ತಿರ ಬಂದರೂ ಬಳ್ಳಿಯಂತಿದ್ದ ಅಕ್ಕನನ್ನು ನೋಡಿ ಅವನ ಕಣ್ಣು ಅರಳಿತು. ಅವಳ ಕೈಗೊಂದು ಡಬ್ಬಿ ಕೊಟ್ಟು ಫೋಟೋ ಹೊಡೆದ. ಮರುದಿನವೇ ಆ ಫೋಟೋ ಪುಡಿ ಕುಡಿದು ಸಣ್ಣಗಾದವಳದೆಂಬ ಹೆಸರಿನಲ್ಲಿ ಜಿಲ್ಲೆಯ ಫೋನುಗಳನ್ನೆಲ್ಲ ಸುತ್ತಿ ಬಂತು.

ಪಂಪಾವತಿ ಆ ಪುಡಿಯನ್ನು ಕುಡಿದದ್ದು ಒಂದೇ ಗುಟುಕು. ಮಾವಿನ ಹಣ್ಣಿನ ರುಚಿ ಎಂದು ಬರೆದಿತ್ತು, ನಿಜವಾದ ಮಾವು ತಿಂದ ನಾಲಿಗೆ ಒಪ್ಪಲಿಲ್ಲ. ಅವಳ ಮಧ್ಯಾಹ್ನದ ಊಟ ಪಕ್ಕೀರವ್ವನ ಜೊತೆ. ಬಸ್ ನಿಲ್ದಾಣದೆದುರು ಕಾಯಿಪಲ್ಯೆ ಮಾರುವ ಪಕ್ಕೀರವ್ವ ಬಿಸಿಲು ಏರುತ್ತಲೇ ಬುಟ್ಟಿ ಹೊತ್ತು ಈ ಪಡಸಾಲೆಗೆ ಬರುತ್ತಾಳೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಬುಟ್ಟಿಯಲ್ಲಿ ಮಾರದೆ ಉಳಿದ ಹಸಿ ಮೆಂತ್ಯೆ, ಉಳ್ಳಾಗಡ್ಡಿ, ಅಗಸಿ ಚಟ್ನಿ, ಮೇಲಿಷ್ಟು ಮಜ್ಜಿಗೆ. ಉಂಡಾದ ಮೇಲೆ ಒಬ್ಬಳು ಮಷಿನ್ನು ತುಳಿಯುತ್ತಾಳೆ, ಇನ್ನೊಬ್ಬಳು ಬುಟ್ಟಿ ಹೊರುತ್ತಾಳೆ. ಇಬ್ಬರ ಮೈಯಲ್ಲೂ ಹೆಚ್ಚಿನ ಮಾಂಸಕ್ಕೆ ಜಾಗವಿರಲಿಲ್ಲ. ಒಮ್ಮೆ ಪಕ್ಕೀರವ್ವ ಡಬ್ಬಿಯ ಮೇಲಿದ್ದ ನೀಲಿ ಹೂವಿನ ಚಿತ್ರ ನೋಡಿ, ಇದು ನಮ್ಮ ಚಟ್ನಿಯ ಅಗಸಿಯ ಹೂವಲ್ಲವೇ ಎಂದು ಕೇಳಿದಳು. ಹೌದಾಗಿತ್ತು. ಪಂಪಾವತಿ ಡಬ್ಬಿಯನ್ನು ತಿರುಗಿಸಿ ಇಟ್ಟಳು.

ಹಾಗಿದ್ದರೆ ಮಾರಲು ಒಪ್ಪಿದ್ದೇಕೆ? ಆಸೆ, ಮತ್ತೇನು. ಕಾಶಿನಾಥ ಕೊಪ್ಪಳದಲ್ಲಿ ನಡೆಸಿದ ಸಭೆಯಲ್ಲಿ ಅವಳನ್ನು ವೇದಿಕೆ ಹತ್ತಿಸಿದ, ಜನ ಚಪ್ಪಾಳೆ ತಟ್ಟಿದರು, ಯಾರೋ ‘ಮೇಡಂ’ ಎಂದರು. ಹೊಲಿಗೆಯ ಕೆಲಸದಲ್ಲಿ ಇಷ್ಟು ವರ್ಷ ಕಣ್ಣು ಕಳೆದುಕೊಂಡರೂ ಒಂದು ಚಪ್ಪಾಳೆ ಬಿದ್ದಿರಲಿಲ್ಲ. ಅವಳಿಗೆ ಅದು ಹಿಡಿಸಿತು.

ಡಬ್ಬಿಗೆ ಮೊದಲು ಮುಗಿಬಿದ್ದವಳು ಭವಾನಿ. ಅವಳ ಗಂಡ ಕೊಟ್ರಬಸಪ್ಪ ಕಾಳಿನ ವ್ಯಾಪಾರಿ. ಹೆಸರು, ನವಣೆ, ಅಗಸಿಗಳ ಚೀಲಗಳು ಅವನ ಗೋದಾಮಿನ ಮಾಳಿಗೆ ಮುಟ್ಟಿದ್ದವು. ಅವುಗಳ ನಡುವಿನ ದಾರಿಯಲ್ಲೇ ಭವಾನಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಒಯ್ದಳು. ಮಗಳು ಮೇಘಾಳ ಮದುವೆ ಗಂಗಾವತಿಯಲ್ಲಿ ಗೊತ್ತಾಗಿತ್ತು. ಬೀಗತಿ ಸಣ್ಣಗಿದ್ದಳಂತೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕಲ್ಲ.

ಊಟದ ಬದಲು ಒಂದು ಲೋಟ ಪುಡಿ ಎಂದು ಕಾಶಿನಾಥ ಹೇಳಿಕೊಟ್ಟಿದ್ದ. ಭವಾನಿ ಆ ‘ಬದಲು’ ಎಂಬುದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರೊಟ್ಟಿ ಇಲ್ಲದ್ದು ಊಟ ಹೇಗಾದೀತು? ಪುಡಿ ಎಂದರೆ ಔಷಧ, ಔಷಧವನ್ನು ಹಸಿದ ಹೊಟ್ಟೆಗೆ ತೆಗೆದುಕೊಂಡು ಆಮೇಲೆ ಉಣ್ಣಬೇಕು. ಅವಳು ಎಮ್ಮೆಯ ಗಟ್ಟಿ ಹಾಲಿಗೆ ಪುಡಿ, ಸಕ್ಕರೆ ಬೆರೆಸಿ ಕುಡಿದು, ಔಷಧ ಮೈಗೆ ಹತ್ತಲೆಂದು ಎರಡು ರೊಟ್ಟಿ ಹೆಚ್ಚೇ ಉಣ್ಣತೊಡಗಿದಳು. ಡಬ್ಬಿ ಒಯ್ದ ಉಳಿದ ಹೆಂಗಸರೂ ಅವಳನ್ನು ನೋಡಿ ಹಾಗೆಯೇ ಮಾಡಿದರು. ಸಂಗತಿ ಪಂಪಾವತಿಗೆ ತಿಳಿಯಿತು. ತಿದ್ದಿದರೆ ಡಬ್ಬಿ ಯಾರೂ ಒಯ್ಯುವುದಿಲ್ಲವೆಂದು ಬಾಯಿ ಮುಚ್ಚಿಕೊಂಡಳು.

ಭವಾನಿ ಗೋದಾಮಿನ ತೂಕದ ಕಾಟಾ ಹತ್ತಿದಾಗಲೆಲ್ಲ ಮುಳ್ಳು ಮೇಲಕ್ಕೇ ಹೋಗುತ್ತಿತ್ತು. ಕಾಟಾ ಕೆಟ್ಟಿದೆ ಎಂದು ಭವಾನಿ ಅಳತೆ ತೆಗೆಸಿಕೊಳ್ಳಲು ಪಂಪಾವತಿಯ ಬಳಿಗೆ ಬಂದಳು. ಆ ದಿನ ಪಂಪಾವತಿ ಮೊದಲ ಸಲ ಟೇಪಿನೊಳಗಿಂದ ಎರಡೂ ಬೆರಳು ತೆಗೆದಳು. ತೆಗೆದು, ಮೇಲಿಷ್ಟು ಎಳೆದು ಹಿಡಿದಳು. ಒಂದೂವರೆ ಇಂಚು ಇಳಿದಿತ್ತು. ಭವಾನಿಯ ಮುಖ ಬೆಳಗಿತು, ಓಣಿಯ ತುಂಬ ಸುದ್ದಿಯಾಯಿತು, ಮತ್ತಷ್ಟು ಡಬ್ಬಿಗಳು ಖರ್ಚಾದವು.

ಸುಳ್ಳು ಅಳತೆಯಿಂದ ಯಾರಿಗೂ ಕೇಡಿಲ್ಲವೆಂದು ಪಂಪಾವತಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಭವಾನಿ ಮದುವೆಯ ರೇಷ್ಮೆ ಸೀರೆಯ ಜಂಪರ್ ಪೀಸು ತಂದಾಗ ಜೊತೆಗೆ ಹಳೆಯ ಅಳತೆ ಜಂಪರು ತಂದಿರಲಿಲ್ಲ. ಕೇಳಿದ್ದಕ್ಕೆ ನಕ್ಕಳು. “ಹಳೀದ್ಯಾಕ ಬೇಕ್ರಿ ಪಂಪಕ್ಕ? ಮೊನ್ನಿ ನೀವ ಅಳದೀರಲ್ಲ, ಅದಕ್ಕ ಹೊಲೀರಿ.”

ಪಂಪಾವತಿ ಇಕ್ಕಟ್ಟಿಗೆ ಸಿಕ್ಕಳು. ಅಲ್ಲವೆಂದರೆ ಟೇಪು ಸುಳ್ಳಾಡಿದ್ದು ಬಯಲಾಗುತ್ತದೆ, ಹೌದೆಂದರೆ ಜಂಪರು ಮೈಗೇರುವುದಿಲ್ಲ. ಹೌದೆಂದಳು. ಸೀರೆಯ ಅಂಚಿನದೇ ತುಂಡು, ಕೆಟ್ಟರೆ ಇನ್ನೊಂದು ಸಿಗುವಂಥದ್ದಲ್ಲ. ಸುಳ್ಳು ಅಳತೆಗೇ ಗುರುತು ಹಾಕಿ ಹೊಲಿದಳು. ವಾಡಿಕೆಯಂತೆ ಒಳಗೆ ಬಟ್ಟೆ ಬಿಟ್ಟಳು, ವಾಡಿಕೆಗಿಂತ ಹೆಚ್ಚೇ ಬಿಟ್ಟಳು.

ಗಂಗಾವತಿಗೆ ಹೊರಡುವ ಬೆಳಿಗ್ಗೆ ಭವಾನಿಯ ಮನೆಯಿಂದ ಕರೆ ಬಂತು. ಹೊರಗೆ ಗಾಡಿಗಳು ನಿಂತಿದ್ದವು, ಕೊಟ್ರಬಸಪ್ಪ ಗಡಿಬಿಡಿ ಮಾಡುತ್ತಿದ್ದ. ಒಳಕೋಣೆಯಲ್ಲಿ ಭವಾನಿ ಜಂಪರಿನಲ್ಲಿ ಅರ್ಧ ತೋಳು ತೂರಿಸಿ ಸಿಕ್ಕಿಬಿದ್ದಿದ್ದಳು. ಸುತ್ತ ನಿಂತ ನೆಂಟರಿಷ್ಟರಲ್ಲಿ ಅರ್ಧಕ್ಕರ್ಧ ಡಬ್ಬಿಯವರೇ. ಉಸಿರು ಬಿಗಿಹಿಡಿದರೂ ಹುಕ್ಕು ಕೂಡಲಿಲ್ಲ. ಪಂಪಾವತಿ ಜಂಪರು ಕಳಚಿಸಿ, ಬ್ಲೇಡು ಕೇಳಿ ಪಕ್ಕದ ಹೊಲಿಗೆ ಬಿಚ್ಚಿದಳು. ಮಡಿಕೆಯಲ್ಲಿದ್ದ ರೇಷ್ಮೆ ಬಿಚ್ಚಿಕೊಳ್ಳುತ್ತಲೇ ಹೋಯಿತು. ಭವಾನಿ ಅದನ್ನು ಕೈಯಲ್ಲಿ ಹಿಡಿದು ನೋಡಿದಳು.

“ಇಷ್ಟ್ ಬಟ್ಟಿ ಬಿಟ್ಟೀರಿ. ಅಂದ್ರ ನಾ ಇಳದಿಲ್ಲಂತ ನಿಮಗ ಮೊದಲ ಗೊತ್ತಿತ್ತು.”

“ಗೊತ್ತಿತ್ರೀ,” ಎಂದಳು ಪಂಪಾವತಿ. “ಬೆರಳ ತಗದು ಅಳದಿದ್ದೆ.”

ಡಬ್ಬಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆಯಿಂದ ಪಂಪಾವತಿಯ ಮೈ ಹಿಡಿಯಾಯಿತು. ಆದರೂ ಒಂದು ಭಾರ ಇಳಿದಂತಾಗಿ, ಇನ್ನು ಈ ಪುಡಿಯ ಕಾಟ ತೀರಿತು ಎಂದುಕೊಂಡು ಪಕ್ಕದ ಹೊಲಿಗೆ ಹಾಕಿ ಕೊಟ್ಟಳು. ಜಂಪರು ಸರಿಯಾಗಿ ಕೂತಿತು.

ಭವಾನಿ ಮಾತ್ರ ಸೀರೆ ಉಡುತ್ತ ಬೇರೆಯದೇ ತೀರ್ಮಾನಕ್ಕೆ ಬಂದಿದ್ದಳು. “ಕೊಡೋರಿಗೇ ನಂಬಿಕಿ ಇಲ್ಲಂದ್ರ ಪುಡಿ ಹೆಂಗ ಗುಣ ಕೊಡತೈತ್ರಿ? ಕೈಗುಣ ಬೇಕು.”

ಮದುವೆ ಮುಗಿದ ಮೇಲೆ ಊರೆಲ್ಲ ಆ ಮಾತನ್ನೇ ಒಪ್ಪಿತು. ಪುಡಿಯ ತಪ್ಪೇನೂ ಇರಲಿಲ್ಲ, ಪಂಪಾವತಿಯ ಕೈಗುಣ ಸರಿಯಿರಲಿಲ್ಲ. ಭವಾನಿ ಈಗ ಕಾಶಿನಾಥನ ಕೈಯಿಂದಲೇ ಡಬ್ಬಿ ತರಿಸುತ್ತಾಳೆ, ಅದನ್ನು ಎಮ್ಮೆ ಹಾಲಿನಲ್ಲಿ ಕುಡಿದು ಊಟಕ್ಕೆ ಕೂರುತ್ತಾಳೆ. ಜಂಪರನ್ನು ಇನ್ನೂ ಇಲ್ಲಿಯೇ ಹೊಲಿಸುತ್ತಾಳೆ, ಆದರೆ ಹಳೆಯ ಜಂಪರೊಂದನ್ನು ಆಳಿನ ಕೈಯಲ್ಲಿ ಕಳಿಸುತ್ತಾಳೆ. ಉಳಿದವರೂ ಹಾಗೆಯೇ. ಪಂಪಾವತಿಯ ಟೇಪು ಮೊಳೆಗೆ ತೂಗುಬಿದ್ದು ದಿನಗಟ್ಟಲೆ ಯಾರ ಮೈಯನ್ನೂ ಮುಟ್ಟುವುದಿಲ್ಲ.

ಮೊನ್ನೆ ಪಕ್ಕೀರವ್ವ ಊಟವಾದ ಮೇಲೆ ಒಂದು ಜಂಪರ್ ಪೀಸು ತೆಗೆದು ಕೊಟ್ಟಳು. ಮೂಲೆಯಲ್ಲಿ ಉಳಿದಿದ್ದ ಒಂದು ಡಬ್ಬಿಯ ಮೇಲೆ ಅವಳ ಕಣ್ಣು ಬಿತ್ತು.

“ಅದನ್ನ ನನಗ ಕೊಡವಾ. ಭವಾನಕ್ಕಾರಿಗಿ ಮೈ ಎಷ್ಟ್ ಛಲೋ ಹತ್ತೇತಿ. ನಾನೂ ಸ್ವಲ್ಪ ದಪ್ಪ ಆಗತೇನಿ.”

ಪಂಪಾವತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು. ಮೊಳೆಯಿಂದ ಟೇಪು ತೆಗೆದು, ತೋಳೆತ್ತಿ ನಿಂತ ಗೆಳತಿಯ ಮೈಗೆ ಸುತ್ತಿ, ಎರಡು ಬೆರಳು ಒಳಗಿಟ್ಟಳು.

ಪಕ್ಕೀರವ್ವ ಕತ್ತು ಬಗ್ಗಿಸಿ, ಬೆರಳು ಒಳಗಿವೆಯೋ ಇಲ್ಲವೋ ಎಂದು ನೋಡಿಕೊಂಡಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು.