ವರ್ಣಭೇದಕ್ಕೆ ಜಾಗವಿಲ್ಲ

“ಲಂಡನ್ ರೈಲಿನ್ಯಾಗ ನನ್ನ ಬಾಜೂಕ ಯಾರೂ ಕೂಡ್ತಿರಲಿಲ್ರಿ,” ಎಂದರು ಕಲ್ಯಾಣ ಲೋಕಲ್ ರೈಲಿನಲ್ಲಿ ನನಗೆ ಒತ್ತಿಕೊಂಡು ಕುಳಿತಿದ್ದ ನೈಜೀರಿಯಾದ ಯುವಕ. ಅವರು ಧಾರವಾಡದಲ್ಲಿ ಓದುವಾಗ ಕಲಿತ ಕನ್ನಡವದು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಬಿಡುತ್ತೇನೆಯೇ? “ನಮ್ಮಲ್ಲಿ ನೋಡಿ ಭಾಯ್, ಮೂವರ ಸೀಟಲ್ಲಿ ನಾಲ್ವರು. ಭೇದಭಾವಕ್ಕೆ ಜಾಗ ಎಲ್ಲಿದೆ?” ಎಂದೆ. ಅವರು ನಕ್ಕರು.

ಡೊಂಬಿವಲಿ ನಿಲ್ದಾಣದಲ್ಲಿ ಬೋಗಿ ಅರ್ಧ ಖಾಲಿಯಾಯಿತು. ನಮ್ಮ ಸೀಟಿನ ಇನ್ನಿಬ್ಬರು ತಟ್ಟನೆ ಎದ್ದು ಎದುರಿಗೆ ಹೋಗಿ ಕುಳಿತರು. ಆಚೆಯ ಕಿಟಕಿ ಹಿಡಿಯೋಣವೆಂದು ನಾನೂ ಎದ್ದೆ.

“ಗಾಳಿಗೇನ್ರಿ?” ಎಂದರು ಆ ಯುವಕ, ತುಂಬ ವಿನಯದಿಂದ.

ನಿಜಕ್ಕೂ ಗಾಳಿಗೇ ಎದ್ದಿದ್ದೆ. ಆದರೂ ಮತ್ತೆ ಅವರ ಪಕ್ಕದಲ್ಲೇ ಕುಳಿತೆ. ಯಾವ ದೇಶದಲ್ಲಿ ವರ್ಣಭೇದ ಕಡಿಮೆ ಎಂದು ಯಾರಾದರೂ ವಾದಕ್ಕಿಳಿದರೆ, ಈಗ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ನೀವು ನೋಡಿದಾಗ ಅಲ್ಲಿ ರೈಲು ತುಂಬಿತ್ತೋ, ಖಾಲಿಯಿತ್ತೋ?