ರಾಗಿ ಹಾಕದ ಕಣ

ಸಂಕ್ರಾಂತಿ ಹತ್ತಿರ ಬಂತೆಂದರೆ ದೇವನಹಳ್ಳಿಯಿಂದ ನಮ್ಮೂರಿಗೆ ಹೋಗುವ ರಸ್ತೆಯ ಮೇಲೆಲ್ಲ ರಾಗಿ ತೆನೆ. ಕಣ ಇಲ್ಲದವರು ಅಲ್ಲೇ ಹರಡುತ್ತಾರೆ. ಬಸ್ಸು, ಲಾರಿ ಹರಿದು ಕಾಳು ಉದುರುತ್ತದೆ. ಹೋದ ವರ್ಷ ಆ ದಿನಗಳಲ್ಲಿ ನಾನು ವಿಮಾನ ಇಳಿದು ಬಾಡಿಗೆ ಕಾರಿನಲ್ಲಿ ಊರಿಗೆ ಬರುತ್ತಿದ್ದೆ. ಚಾಲಕ ಬಿಡದೆ ಹಾರ್ನ್ ಹೊಡೆದು, ಗಾಜು ಇಳಿಸಿ, ತೆನೆ ತಿರುವಿ ಹಾಕುತ್ತಿದ್ದ ಹೆಂಗಸಿಗೆ "ಏನಮ್ಮಾ, ರೋಡೇನು ನಿಮ್ಮಪ್ಪಂದಾ?" ಎಂದು ಬೈದ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬದಿಗೆ ಸರಿದಳು. ನೋಡಿದರೆ ನಮ್ಮ ಅತ್ತಿಗೆ.

ಇಳಿದು ಅವನ ಕೊರಳಪಟ್ಟಿ ಹಿಡಿಯಬೇಕಿತ್ತು. ನಾನು ಮಾಡಿದ್ದೇನು? ಶೂ ಲೇಸು ಕಟ್ಟುವವನ ಹಾಗೆ ಬಗ್ಗಿ ಕೂತೆ. ಊರ ತಿರುವು ಬರುವವರೆಗೂ ತಲೆ ಎತ್ತಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಅತ್ತಿಗೆ ರಸ್ತೆಗೆ ಬಿದ್ದದ್ದೇ ನನ್ನಿಂದ. ನಮಗೇನು ಕಣ ಇಲ್ಲವೇ? ಮನೆ ಹಿಂದೆ ಊರಿಗೇ ದೊಡ್ಡ ಕಣ ಇದೆ. ಅಪ್ಪ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಟೆನಿಸ್ ಅಂಕಣದ ಮಣ್ಣು ಹದ ಮಾಡುವ ಕೆಲಸದಲ್ಲಿದ್ದರು. ನನ್ನ ಕೈಗೆ ರಾಕೆಟ್ ಕೊಟ್ಟವರು ಅವರೇ. ಹುಡುಗ ಪರವಾಗಿಲ್ಲ ಅನ್ನಿಸಿದ ಮೇಲೆ, ಪಕ್ಕದ ಹುರುಳಿ ಹೊಲದ ಅಂಚನ್ನೂ ಸೇರಿಸಿ ಆ ಕಣವನ್ನೇ ಅಂಕಣ ಮಾಡಿದರು. ರಾಗಿ ಉದುರಿಸುವ ರೋಣಗಲ್ಲನ್ನು ಉರುಳಿಸಿ ನೆಲ ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆದು, ನೆಟ್ ಕಟ್ಟಿದರು. ಅಪ್ಪ ತೀರಿಕೊಂಡ ಮೇಲೆ ಮನೆಯ ಅಂಕಣ ನೋಡಿಕೊಳ್ಳುವ ಕೆಲಸ ಅಣ್ಣ ಹಿಡಿದ. ನಾನು ಯಾವಾಗ ಬಂದರೂ ಆಡುವಂತಿರಬೇಕೆಂದು ಒಂದು ತೆನೆಯನ್ನೂ ಅಲ್ಲಿ ಹಾಕಗೊಡಲಿಲ್ಲ.

ಅಷ್ಟಕ್ಕೂ ನಾನು ಕಡಿದು ಕಟ್ಟೆ ಹಾಕಿದ್ದೇನು? ಹೊರದೇಶದ ಸಣ್ಣಪುಟ್ಟ ಊರುಗಳಲ್ಲಿ, ನೋಡುವವರೇ ಇಲ್ಲದ ಅಂಕಣಗಳಲ್ಲಿ, ಅರ್ಹತಾ ಸುತ್ತಿನಲ್ಲಿ ಸೋತು ಮುಂದಿನ ಊರಿನ ಬಸ್ಸು ಹತ್ತುವುದೇ ನನ್ನ ವೃತ್ತಿಯಾಗಿತ್ತು. ಗೆದ್ದದ್ದೂ ಉಂಟು, ಆದರೆ ಹೇಳಿಕೊಳ್ಳುವಂಥದ್ದಲ್ಲ. ಅಣ್ಣ ಫೋನಿನಲ್ಲಿ "ಹೆಂಗಾಯ್ತ್ಲಾ?" ಅಂದರೆ "ಚೆನ್ನಾಗಿ ಆಡ್ದೆ" ಅನ್ನುತ್ತಿದ್ದೆ. ಅಷ್ಟಕ್ಕೇ ಅವನು ಹಿಗ್ಗಿಹೋಗುತ್ತಿದ್ದ. ಈ ಸಲ ಭುಜ ಪೂರ್ತಿ ಕೆಟ್ಟು ಪಂದ್ಯದ ನಡುವೆಯೇ ಹೊರಗೆ ಬಂದಿದ್ದೆ. ಇನ್ನು ಆಡುವುದಿಲ್ಲ ಎಂದು ತೀರ್ಮಾನಿಸಿಯೇ ಊರಿಗೆ ಹೊರಟದ್ದು. ಮನೆಯವರಿಗೆ ಹೇಳುವುದೊಂದು ಬಾಕಿ ಇತ್ತು.

ಬಂದು ನೋಡಿದರೆ ಅಣ್ಣ ಆಗಲೇ ಕಣಕ್ಕೆ ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಕುಕ್ಕರಗಾಲಲ್ಲಿ ಕೂತು ಸುಣ್ಣದ ಗೆರೆ ಎಳೆಯುತ್ತಿದ್ದ.

"ಬಂದ್ಯಾ? ಚಪ್ಪಲಿ ಗಿಪ್ಪಲಿ ಆಕ್ಕೊಂಡು ಇಳೀಬ್ಯಾಡ ಕಣ್ಲಾ, ನೆಲ ಇನ್ನೂ ಹಸಿ ಐತೆ" ಎಂದ. "ನಾಳೆ ಬೆಳಿಗ್ಗೆ ಆಡ್ಬೋದು."

ಎಲ್ಲೂ ಒಂದು ಬಿರುಕಿಲ್ಲ. ನಾನು ಸೋತ ಯಾವ ಅಂಕಣವೂ ಇಷ್ಟು ನುಣುಪಾಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೂಂ ಅಂದು ಒಳಗೆ ಹೋದೆ.

ಮಧ್ಯಾಹ್ನ ಅತ್ತಿಗೆ ತಲೆ ತುಂಬ ರಾಗಿ ಹೊಟ್ಟು ಮಾಡಿಕೊಂಡು ಬಂದರು. "ಯಾವಾಗ ಬಂದ್ಯಪ್ಪಾ?" ಎಂದು ಕೇಳಿದರೇ ಹೊರತು ಕಾರಿನ ಮಾತೆತ್ತಲಿಲ್ಲ. ಸದ್ಯ, ನನ್ನನ್ನು ನೋಡಿಲ್ಲ ಎಂದು ಉಸಿರು ಬಿಟ್ಟೆ. ಆ ನಿರಾಳವನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಊಟಕ್ಕೆ ಹೊಸ ರಾಗಿಯ ಮುದ್ದೆ. ಮೊದಲ ತುತ್ತಿಗೇ ಬಾಯಲ್ಲಿ ಚರಕ್ ಎಂದಿತು.

"ರೋಡಿನ್ ರಾಗಿ ಕಣಪ್ಪ, ಎಷ್ಟು ಜರಡಿ ಹಿಡಿದ್ರೂ ಕಲ್ಲು ಹೋಗಲ್ಲ" ಎಂದರು ಅತ್ತಿಗೆ. ಅಣ್ಣ ಏನೂ ಆಗದವನ ಹಾಗೆ ನುಂಗುತ್ತಿದ್ದ. ಅದನ್ನು ನೋಡಿ ತಡೆಯಲಾಗಲಿಲ್ಲ.

"ಅಣ್ಣ, ನಾನಿನ್ನು ಆಡಲ್ಲ. ಭುಜ ಹೋಯ್ತು. ಕಣಕ್ಕೆ ರಾಗಿ ಹಾಕ್ಸು."

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಅತ್ತಿಗೆ ಮಾತ್ರ ಬೆಚ್ಚಲಿಲ್ಲ. ಅವನು ಅವರ ಕಡೆ ತಿರುಗಿ "ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದ.

"ಬೆಳಿಗ್ಗೆ ಕಾರಲ್ಲಿ ನನ್ನ ನೋಡಿ ಬಗ್ಗಿ ಕೂತ್ಕಂಡ್ನಲ್ಲ, ಆಗ್ಲೇ ಗೊತ್ತಾಯ್ತು" ಎಂದು ಅತ್ತಿಗೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು.

ಅಣ್ಣ ನನ್ನ ಮುಖ ನೋಡಲಿಲ್ಲ. ಕೈ ತೊಳೆದು ನೆಟ್ ಬಿಚ್ಚಲು ಹಿತ್ತಿಲಿಗೆ ಹೋದ. ಚಪ್ಪಲಿ ಮೆಟ್ಟಿಕೊಂಡೇ ಆ ಹಸಿ ನೆಲಕ್ಕೆ ಇಳಿದ.