ನಮ್ಮ ಗಂಜಿಯ ವೀಡಿಯೋ

ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲಿದೆ. ನಡೆಸುವವನು ನನ್ನ ಅಣ್ಣ. ಇಲ್ಲಿಯವರಿಗೆಲ್ಲ ಅವನು ಅಣ್ಣನೇ, ಅವನಿಗಿಂತ ದೊಡ್ಡವರಿಗೂ. ನಾನು ಗಲ್ಲಾದಲ್ಲಿ ಕೂರುತ್ತೇನೆ. ಗಿರಾಕಿಗಳಿಗೆ ಸಣ್ಣಕ್ಕಿಯ ಬಿಳಿ ಅನ್ನ, ಕರಾವಳಿಯ ನಮಗೆ ಮಾತ್ರ ಹಿಂದಿನ ಒಲೆಯ ಮೇಲೆ ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ದಪ್ಪ ಅಕ್ಕಿ ಅದು. ಎಷ್ಟು ಹೊತ್ತು ಕುದಿದರೂ ಅಗುಳು ಅಗುಳಾಗಿಯೇ ಇರುತ್ತದೆ. ಅಣ್ಣ ಮದುವೆಮನೆಯಲ್ಲಿ ಪಾಯಸದವರೆಗೆ ಉಂಡು ಬಂದರೂ ಒಂದು ಬಟ್ಟಲು ಗಂಜಿ ಹೊಟ್ಟೆಗೆ ಬೀಳದೆ ಅವನಿಗೆ ಊಟ ಆಗಿರುವುದಿಲ್ಲ. ನಮ್ಮ ಮನೆ ಎಂದರೆ ಹೋಟೆಲಿನ ಮೇಲಿನ ಕೋಣೆ, ಒಲೆ ಕೆಳಗಿನದೇ.

ಒಂದು ಮಧ್ಯಾಹ್ನ ಕೈ ತೊಳೆಯಲು ಹಿಂದೆ ಹೋದ ಯಾರೋ ನಮ್ಮ ಗಂಜಿ ಪಾತ್ರೆಯ ವೀಡಿಯೋ ತೆಗೆದರು. ಸೌಟಿನಿಂದ ಉದುರುವ ದಪ್ಪ ಅಗುಳು, ಬೆಳ್ಳಗಿನ ತಿಳಿ, ಜೊತೆಗೆ ಹೆದರಿಸುವ ಸಂಗೀತ. ಪ್ಲಾಸ್ಟಿಕ್ ಅಕ್ಕಿ, ಎಷ್ಟು ಕುದಿಸಿದರೂ ಕರಗುವುದಿಲ್ಲ ಎಂದು ಮರಾಠಿಯಲ್ಲಿ ಬರೆದಿತ್ತು. ಪ್ಲಾಸ್ಟಿಕ್ಕನ್ನು ನಿಜವಾಗಿ ಕುದಿಸಿದರೆ ಏನಾಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೇವಸ್ಥಾನದ ಜೀಪಿನವರು ಅದನ್ನು ಯಾತ್ರಿಗಳಿಗೆ ತೋರಿಸಿದರು. ಜೀಪುಗಳು ನಮ್ಮ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟವು.

ಸಂಭಾಜಿನಗರದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಭಾವ ಫೋನ್ ಮಾಡಿದರು. "ನಾಸಿಕದಲ್ಲಿ ಯಾರೋ ಪ್ಲಾಸ್ಟಿಕ್ ಅಕ್ಕಿ ಬೇಯಿಸ್ತಾರಂತೆ ಮಾರಾಯ. ನೀವು ಜಾಗ್ರತೆ."

"ಅದು ನಮ್ಮದೇ ಪಾತ್ರೆ, ಭಾವ."

"ಹೌದಾ? ನಿಮಗೆ ಅಕ್ಕಿ ಎಲ್ಲಿಂದ ಬರುದು?"

ನಮ್ಮ ಮೂಟೆಯೂ ಅವರ ಮೂಟೆಯೂ ಊರಿಂದ ಒಂದೇ ಲಾರಿಯಲ್ಲಿ ಬರುತ್ತವೆ. ಅದನ್ನು ನೆನಪಿಸಿದ ಮೇಲೆ ಬೇರೆ ವಿಷಯ ಮಾತಾಡಿದರು.

ಅಣ್ಣ ಕೆಂಡವಾಗಿದ್ದ. ಜನಕ್ಕೆ ಬುದ್ಧಿ ಇಲ್ಲ, ಕಂಡದ್ದನ್ನೆಲ್ಲ ನಂಬುತ್ತಾರೆ ಎಂದು ಬೈದ. ಇದೇ ಅಣ್ಣ ಪ್ಲಾಸ್ಟಿಕ್ ಎಲೆಕೋಸು ಬಂದಿದೆಯೆಂದು ಇಡೀ ಒಂದು ಬೇಸಿಗೆ ಕೋಸಿನ ಪಲ್ಯ ಮಾಡಿಸಿರಲಿಲ್ಲ. ಅದನ್ನು ಹೇಳಿದೆ. "ಅದು ಬೇರೆ. ಅದಕ್ಕೆ ವೀಡಿಯೋ ಉಂಟು" ಎಂದ.

ನಮ್ಮಲ್ಲಿ ದಿನಾ ಉಣ್ಣುವ ಬೀದರಿನವರೊಬ್ಬರಿದ್ದರು, ಬ್ಯಾಂಕಿನಲ್ಲಿ ಕೆಲಸ. ಹಬ್ಬಕ್ಕೆ ಊರಿಗೆ ಹೋದರೆ ನಮಗೆಂದು ಶೇಂಗಾ ಹೋಳಿಗೆ ತರುವಷ್ಟು ಸಲಿಗೆ. ಅವರೂ ಊಟ ನಿಲ್ಲಿಸಿದ್ದರು. ಜೋಳದ ರೊಟ್ಟಿಯ ಸೀಮೆಯವರು, ಕುಚ್ಚಲಕ್ಕಿ ಕಂಡವರಲ್ಲ. ಅಣ್ಣ ಅವರನ್ನು ಕರೆಸಿ, ಅಕ್ಕಿ ತೋರಿಸಿ, ಎದುರಿಗೇ ಒಂದು ಬಟ್ಟಲು ಗಂಜಿ ಉಂಡ.

"ನಿಮಗ ರೂಢಿ ಆಗ್ಯದ್ರಿ ಅಣ್ಣಾರ, ನಿಮ್ಮ ಹೊಟ್ಟಿ ತಡಕೋತದ" ಎಂದರು ಅವರು, ನಿಜವಾದ ಕಳಕಳಿಯಿಂದ.

"ಹಾಗಾದ್ರೆ ನಾನು ಸುಳ್ಳು ಹೇಳ್ತೇನಾ?"

"ಛೇ ಛೇ. ನಿಮ್ಮ ಮ್ಯಾಲ ಭಾಳ ವಿಶ್ವಾಸ ಅದರಿ. ವೀಡಿಯೋ ಸುಳ್ಳೂ ಇರಬಹುದು. ಆದ್ರ ಖರೇ ಇದ್ರ? ಮನ್ಯಾಗ ಸಣ್ಣ ಮಕ್ಕಳವ. ಅದಕ್ಕ ಎಲ್ಲಾರಿಗೂ ಕಳಿಸಿದೆ ನೋಡ್ರಿ."

ನನಗೆ ಮೈಯೆಲ್ಲ ಉರಿಯಿತು. ದ್ವೇಷದಿಂದ ಕಳಿಸಿದ್ದರೆ ಜಗಳವಾಡಬಹುದಿತ್ತು. ಮಕ್ಕಳ ಮೇಲಿನ ಪ್ರೀತಿಯಿಂದ ನಮ್ಮ ಅನ್ನಕ್ಕೆ ಕಲ್ಲು ಹಾಕಿದವರ ಹತ್ತಿರ ಏನೆಂದು ಜಗಳವಾಡುವುದು?

ಮೇಜುಗಳು ಖಾಲಿಯೇ ಉಳಿದವು. ಅಡುಗೆಯವರಲ್ಲೊಬ್ಬ ಬೇರೆ ಕೆಲಸ ಹುಡುಕಿಕೊಂಡ. ಹೀಗೇ ನಡೆದರೆ ಹೋಟೆಲ್ ಮುಚ್ಚಬೇಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಅಣ್ಣ ಉಳಿದ ಕುಚ್ಚಲಕ್ಕಿ ಮೂಟೆಯನ್ನು ಸಂಭಾಜಿನಗರದ ಬಸ್ಸಿಗೆ ಹಾಕಿಸಿದ. ಹಿಂದಿನ ಒಲೆ ಆರಿತು. ಊರು ಬಿಟ್ಟಾಗಲೂ ಅವನ ಮುಖ ಹಾಗೆ ಬಾಡಿದ್ದನ್ನು ನಾನು ಕಂಡಿರಲಿಲ್ಲ.

ಬೀದರಿನವರು ಆರಿದ ಒಲೆಯನ್ನು ಇಣುಕಿ ನೋಡಿ, ಒಳಗೆ ಬಂದು ಊಟಕ್ಕೆ ಕೂತರು. ಎಂದಿನ ಅದೇ ಬಿಳಿ ಅನ್ನ, ಅದೇ ಸಾರು. ತೃಪ್ತಿಯಿಂದ ತೇಗಿದರು.

"ಈಗ ಊಟದ ರುಚೀನ ಬ್ಯಾರೆ ಆಗ್ಯದ್ರಿ ಅಣ್ಣಾರ. ಆ ಅಕ್ಕಿ ಬಿಟ್ರಲ್ಲ, ಚಲೋ ಮಾಡಿದ್ರಿ. ಅಂದ್ರ ವೀಡಿಯೋ ಖರೇನs ಇತ್ತು."

ನಾನು ಬಾಯಿ ತೆರೆದೆ. ಅಣ್ಣ ಗಲ್ಲಾದ ಕೆಳಗೆ ನನ್ನ ಕಾಲು ತುಳಿದ. "ಹೌದು, ಬಿಟ್ಟೆವು" ಎಂದ.

"ಬಿಟ್ಟಾರಂತ ನಾನs ಎಲ್ಲಾರಿಗೂ ಕಳಸ್ತೀನ್ರಿ."

ಕಳಿಸಿದರು. ಅದನ್ನೂ ಎಲ್ಲರೂ ನಂಬಿದರು. ಜೀಪುಗಳು ಬರತೊಡಗಿದವು, ಕೂರಲು ಜಾಗವಿಲ್ಲದೆ ಜನ ಬಾಗಿಲಲ್ಲಿ ಕಾದರು. ಮಧ್ಯಾಹ್ನದ ಗಲಾಟೆ ತಗ್ಗಿದ ಮೇಲೆ ಅಣ್ಣ ಗಿರಾಕಿಗಳ ಬಿಳಿ ಅನ್ನಕ್ಕೆ ಸಾರು ಕಲಸಿಕೊಂಡು ಕೂತ. ಊಟ ಸೇರುತ್ತದಾ ಎಂದು ಕೇಳಿದೆ.

"ನಿಜ ಹೇಳ್ಬೇಕಾ?" ಎಂದ. ಹೇಳುವಷ್ಟರಲ್ಲಿ ಇನ್ನೊಂದು ಜೀಪು ಬಂದು ನಿಂತಿತು. ಅವನು ತಟ್ಟೆ ಅಲ್ಲೇ ಬಿಟ್ಟು ಕೈ ತೊಳೆಯಲು ಎದ್ದ.